ಏಳನೇ ತರಗತಿಯ ಮಗನಿಗೆ ‘ವಾದ’ದ ಭಾಗಗಳನ್ನು ಅರ್ಥ ಮಾಡಿಸುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಮಗ ಏಳನೇ ತರಗತಿ, ಚರ್ಚಾಸ್ಪರ್ಧೆಗೆ ಹೆಸರು ಕೊಟ್ಟಿದ್ದಾನೆ, ವಿಷಯ ಶಾಲಾ ಬ್ಯಾಗಿನ ಹೊರೆ. ಕ್ಲೇಮ್, ಎವಿಡೆನ್ಸ್, ರೀಸನಿಂಗ್, ಕೌಂಟರ್‌ಕ್ಲೇಮ್, ರಿಬಟಲ್ ಎಂದು ಬರೆದ ಹಾಳೆಯೊಂದನ್ನು ಶಾಲೆಯಲ್ಲಿ ಕೊಟ್ಟಿದ್ದಾರೆ. ಅವನು ಐದನ್ನೂ ಉರು ಹೊಡೆದಿದ್ದಾನೆ, ಆದರೆ ಬರೆಯಲು ಕುಳಿತರೆ ನಾಲ್ಕನೇ ಸಾಲಿಗೆ ಪೆನ್ನು ನಿಂತುಹೋಗುತ್ತದೆ. ನಾನು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಹತ್ತೊಂಬತ್ತು ವರ್ಷ ಕನ್ನಡ ಕಲಿಸಿದವಳು. ಪೆನ್ನು ಆ ನಾಲ್ಕನೇ ಸಾಲಿನಲ್ಲೇ ಏಕೆ ನಿಲ್ಲುತ್ತದೆ ಎಂಬುದು ಸ್ವಲ್ಪಮಟ್ಟಿಗೆ ಗೊತ್ತು. ಬ್ಯಾಗಿನ ವಿಷಯವನ್ನು ನನ್ನ ತರಗತಿಯಲ್ಲೂ ಒಮ್ಮೆ ಎತ್ತಿಕೊಂಡಿದ್ದೆವು, ಹಾಗಾಗಿ ಅದರಿಂದಲೇ ಹೇಳುತ್ತೇನೆ.

ಮೊದಲು ಆ ಹಾಳೆಯನ್ನು ಪಕ್ಕಕ್ಕಿಡಿ. ನಮ್ಮ ಮನೆಗಳಲ್ಲಿ ‘ವಾದ’ ಎಂಬ ಪದಕ್ಕೇ ಒಳ್ಳೆಯ ಹೆಸರಿಲ್ಲ. ‘ವಾದ ಮಾಡಬೇಡ, ಹೇಳಿದಷ್ಟು ಮಾಡು’ ಎಂಬ ಮಾತನ್ನು ಕೇಳಿಯೇ ಮಕ್ಕಳು ಬೆಳೆಯುತ್ತಾರೆ. ವಾದವೆಂದರೆ ಎದುರುತ್ತರ, ಎದುರುತ್ತರವೆಂದರೆ ಏಟು. ಅಂಥ ಮಗುವಿಗೆ ಒಮ್ಮೆಲೇ ‘ವಾದ ಮಂಡಿಸು’ ಎಂದರೆ ಅದು ದನಿ ಏರಿಸುತ್ತದೆ, ಇಲ್ಲವೇ ಬಾಯಿ ಮುಚ್ಚುತ್ತದೆ. ಟಿವಿ ರಿಮೋಟಿಗಾಗಿ ಅಕ್ಕ ತಮ್ಮ ‘ನನಗೆ ಕೊಡು’, ‘ಕೊಡುವುದಿಲ್ಲ’ ಎಂದು ಎಳೆದಾಡಿದರೆ ಅದು ಜಗಳ. ‘ನಿನ್ನೆ ಎಂಟರಿಂದ ಒಂಬತ್ತರವರೆಗೆ ನೀನು ನೋಡಿದೆ, ಇವತ್ತು ನನಗೆ ಕೊಡು’ ಎಂದು ತಮ್ಮ ಹೇಳಿದರೆ ಅಲ್ಲಿ ವಾದ ಶುರುವಾಯಿತು. ಈ ಒಂದು ವಾಕ್ಯವನ್ನು ನೆನಪಿಟ್ಟುಕೊಂಡಿರಿ, ಮತ್ತೆ ಇದಕ್ಕೇ ಬರುತ್ತೇನೆ.

ಹಾಳೆಯಲ್ಲಿರುವ ಕ್ಲೇಮ್ ಎಂದರೆ ನಿಲುವು. ಅದಕ್ಕೆ ಒಂದೇ ಪರೀಕ್ಷೆ: ಯಾರಾದರೂ ‘ಇಲ್ಲ, ನಾನು ಒಪ್ಪುವುದಿಲ್ಲ’ ಎನ್ನಲು ಸಾಧ್ಯವಿರಬೇಕು. ‘ಶಾಲಾ ಬ್ಯಾಗಿನ ಹೊರೆ ಇಂದಿನ ಜ್ವಲಂತ ಸಮಸ್ಯೆ’ ಎಂಬುದಕ್ಕೆ ಎಲ್ಲರೂ ತಲೆಯಾಡಿಸುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ‘ನೋಟ್ ಪುಸ್ತಕಗಳನ್ನು ಶಾಲೆಯಲ್ಲೇ ಇಡಲು ಬಿಡಬೇಕು’ ಎನ್ನಲಿ, ಆಗ ಎದುರು ಬೆಂಚಿನಿಂದ ಒಂದು ಕೈ ಮೇಲೇಳುತ್ತದೆ. (‘ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ, ತೀರ್ಪುಗಾರರೇ, ನನ್ನ ನೆಚ್ಚಿನ ಸಹಪಾಠಿಗಳೇ’ ಎನ್ನುವಷ್ಟರಲ್ಲಿ ಮೂರು ನಿಮಿಷದ ಭಾಷಣದಲ್ಲಿ ಅರ್ಧ ನಿಮಿಷ ಕಳೆದಿರುತ್ತದೆ. ತೀರ್ಪುಗಾರಳಾಗಿ ಕುಳಿತು ಅದನ್ನು ನೂರಾರು ಸಲ ಕೇಳಿದ್ದೇನೆ. ದಯವಿಟ್ಟು ಕತ್ತರಿಸಿ.)

ಮುಂದಿನದು ಆಧಾರ, ಹಾಳೆಯ ಎವಿಡೆನ್ಸ್. ನನ್ನ ತರಗತಿಯ ಹುಡುಗಿಯೊಬ್ಬಳು ‘ನಮ್ಮ ಬ್ಯಾಗ್ ತುಂಬಾ ಭಾರ, ಪಠ್ಯಪುಸ್ತಕಗಳು ಜಾಸ್ತಿಯಾಗಿವೆ, ಸರ್ಕಾರ ಕಡಿಮೆ ಮಾಡಬೇಕು’ ಎಂದು ಬರೆದು ತಂದಿದ್ದಳು. ‘ತುಂಬಾ ಎಂದರೆ ಎಷ್ಟು?’ ಎಂದೆ. ‘ತುಂಬಾ, ಮಿಸ್’ ಎಂದಳು. ಶಾಲೆಯ ಎದುರಿಗೇ ಕಿರಾಣಿ ಅಂಗಡಿ. ಮಧ್ಯಾಹ್ನದ ಬಿಡುವಿನಲ್ಲಿ ಅವಳು, ನಾನು, ಹಿಂದೆ ಏಳೆಂಟು ಮಕ್ಕಳು ಬ್ಯಾಗ್ ಹೊತ್ತು ಹೋದೆವು. ಅಂಗಡಿಯವರು ಅಕ್ಕಿ ತೂಗುವ ತಕ್ಕಡಿಯ ಮೇಲೆ ಅದನ್ನು ಇಟ್ಟರು. 6 ಕಿಲೋ 100 ಗ್ರಾಂ. ‘ಐದು ಕಿಲೋ ಅಕ್ಕಿ ಕಟ್ಟಿಕೊಟ್ಟರೆ ದೊಡ್ಡವರೇ ಆಟೊ ಹುಡುಕುತ್ತಾರೆ ಮೇಡಂ’ ಎಂದರು ಅವರು. ಆಮೇಲೆ ಒಂದೊಂದನ್ನೇ ಹೊರತೆಗೆದು ತೂಗಿದೆವು. ನೋಟ್ ಪುಸ್ತಕಗಳು 1 ಕಿಲೋ 700. ಪಠ್ಯಪುಸ್ತಕಗಳು 1 ಕಿಲೋ 400. ತುಂಬಿದ ಸ್ಟೀಲ್ ನೀರಿನ ಬಾಟಲಿ 1 ಕಿಲೋ 300. ಮಿಕ್ಕಿದ್ದು ಗೈಡು, ಬಿಸಿಯೂಟದ ತಟ್ಟೆ, ಕಂಪಾಸ್ ಪೆಟ್ಟಿಗೆ, ಕೊಡೆ, ಜೊತೆಗೆ ಬರಿಯ ಬ್ಯಾಗು.

ಹುಡುಗಿ ತೂಕ ಬರೆದ ಚೀಟಿಯನ್ನು ನೋಡುತ್ತಾ ನಿಂತಳು. ಪಠ್ಯಪುಸ್ತಕಗಳ ಪಾಲು ಕಾಲು ಭಾಗಕ್ಕೂ ಕಡಿಮೆ! ಅವಳು ಬೈದದ್ದು ಪುಸ್ತಕಗಳನ್ನು, ಬೆನ್ನ ಮೇಲೆ ಹೆಚ್ಚುಕಡಿಮೆ ಅಷ್ಟೇ ಭಾರವಾಗಿ ಕುಳಿತಿದ್ದದ್ದು ನೀರಿನ ಬಾಟಲಿ. ‘ಹಾಗಾದರೆ ನಾನು ಬರೆದದ್ದು ತಪ್ಪಾ ಮಿಸ್?’ ಎಂದಳು. ಅರ್ಧ ಸರಿ, ಅರ್ಧ ತಪ್ಪು. ಬ್ಯಾಗು ಭಾರವೆಂಬುದು ನಿಂತಿತು, ಕಾರಣ ಬಿತ್ತು. ಆಧಾರ ಹುಡುಕಿಕೊಂಡು ಹೋದವರು ನಿಲುವನ್ನು ತಿದ್ದಿಕೊಂಡು ಬರುವುದು ಸೋಲಲ್ಲ ಎಂದು ನಿಮ್ಮ ಮಗನಿಗೂ ಹೇಳಿ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಕುಳಿತವನಿಗೆ ತಕ್ಕಡಿಯಿಂದ ಏನೂ ಪ್ರಯೋಜನವಿಲ್ಲ.

ಆಧಾರದ ವಿಷಯದಲ್ಲಿ ನಮ್ಮ ಭಾಷೆಯೇ ಒಂದು ಸಹಾಯ ಮಾಡಿಟ್ಟಿದೆ. ಕಣ್ಣಾರೆ ಕಂಡದ್ದಕ್ಕೆ ‘ಬಂದ’ ಎನ್ನುತ್ತೇವೆ, ಯಾರೋ ಹೇಳಿದ್ದಕ್ಕೆ ‘ಬಂದನಂತೆ’ ಎನ್ನುತ್ತೇವೆ. ಮಗ ಬರೆದದ್ದನ್ನು ಗಟ್ಟಿಯಾಗಿ ಓದಿಸಿ, ಪ್ರತಿ ವಾಕ್ಯದ ಕೊನೆಗೆ ‘ಅಂತೆ’ ಸೇರಿಸಿ ನೋಡಲು ಹೇಳಿ. ‘ಭಾರದ ಬ್ಯಾಗಿನಿಂದ ಮಕ್ಕಳ ಎತ್ತರ ಕುಂಠಿತವಾಗುತ್ತದಂತೆ.’ ಯಾರು ಹೇಳಿದರು, ಎಲ್ಲಿ ಓದಿದೆ? ಉತ್ತರವಿಲ್ಲದಿದ್ದರೆ ಆ ಸಾಲನ್ನು ತೆಗೆಯಬೇಕು, ಅಥವಾ ಹೇಳಿದವರು ಯಾರೆಂದು ಪತ್ತೆ ಹಚ್ಚಿ ಬರೆಯಬೇಕು. ‘ನಮ್ಮ ತರಗತಿಯ 31 ಮಕ್ಕಳಲ್ಲಿ 12 ಮಂದಿ ಹೆಗಲು ನೋಯುತ್ತದೆ ಎಂದರು’ ಎಂಬ ಸಾಲಿಗೆ ‘ಅಂತೆ’ ಅಂಟುವುದಿಲ್ಲ, ಕೇಳಿ ಎಣಿಸಿದವರು ನಾವೇ. ಹಾಗೆಯೇ ಕೊನೆಯ ‘ಊ’ಕಾರದ ಮೇಲೂ ಒಂದು ಕಣ್ಣಿರಲಿ: ಎಲ್ಲರೂ, ಯಾವಾಗಲೂ, ಯಾರಿಗೂ. ಹನ್ನೆರಡು ಮಂದಿಗೆ ನೋವಿದ್ದರೆ ಹನ್ನೆರಡು ಮಂದಿ ಎಂದೇ ಹೇಳಬೇಕು. ‘ಎಲ್ಲರಿಗೂ’ ಎಂದ ಕ್ಷಣ, ನೋವಿಲ್ಲದ ಒಬ್ಬನೇ ಒಬ್ಬ ಎದ್ದು ನಿಂತು ಇಡೀ ಭಾಷಣವನ್ನು ಮಲಗಿಸುತ್ತಾನೆ.

ಈಗ ನಿಮ್ಮ ಮಗನ ಪೆನ್ನು ನಿಲ್ಲುವ ಜಾಗಕ್ಕೆ ಬರೋಣ. ನಿಲುವು ಒಂದು ಸಾಲು, ಆಧಾರ ಎರಡು ಸಾಲು, ಆಮೇಲೆ ಏನು? ಹಾಳೆಯಲ್ಲಿ ಅದಕ್ಕೆ ರೀಸನಿಂಗ್ ಎಂದಿದೆ. ನಾನು ತರಗತಿಯಲ್ಲಿ ‘ಕೊಂಡಿ’ ಎನ್ನುತ್ತಿದ್ದೆ. ಆಧಾರ ಒಂದು ದಡ, ನಿಲುವು ಇನ್ನೊಂದು. ನಡುವೆ ಸಂಕ (ಕಾಲುಸೇತುವೆ) ಹಾಕದೆ ಮಕ್ಕಳು ಹಾರಿಬಿಡುತ್ತಾರೆ, ಏಕೆಂದರೆ ಅವರಿಗೆ ಅಲ್ಲಿ ಹಳ್ಳವಿದೆ ಎಂದೇ ಕಾಣುವುದಿಲ್ಲ. ಹಳ್ಳವನ್ನು ತೋರಿಸಲು ಒಂದು ಪ್ರಶ್ನೆ ಸಾಕು. ಮನೆಯಲ್ಲಿ ಒರಟೆನಿಸುವ ಪ್ರಶ್ನೆ, ಆದರೆ ಇಲ್ಲಿ ಬಹಳ ಉಪಯೋಗಿ: ‘ಅದಕ್ಕೇನೀಗ?’

ಬ್ಯಾಗು 6 ಕಿಲೋ 100 ಗ್ರಾಂ ಇದೆ. ಅದಕ್ಕೇನೀಗ? ನಮ್ಮಜ್ಜಿ ಆ ವಯಸ್ಸಿನಲ್ಲಿ ಎರಡು ಕೊಡ ನೀರು ಹೊರುತ್ತಿದ್ದರು. ಬರಿಯ ಸಂಖ್ಯೆ ಯಾವುದನ್ನೂ ಸಾಬೀತು ಮಾಡುವುದಿಲ್ಲ, ಅದನ್ನು ಯಾವುದಾದರೂ ಅಳತೆಗೋಲಿನ ಪಕ್ಕದಲ್ಲಿ ನಿಲ್ಲಿಸಬೇಕು. ಕರ್ನಾಟಕದ ಶಿಕ್ಷಣ ಇಲಾಖೆ 2019ರಲ್ಲಿ ಹೊರಡಿಸಿದ ಸುತ್ತೋಲೆ 1-2ನೇ ತರಗತಿಗೆ ಒಂದೂವರೆಯಿಂದ 2 ಕಿಲೋ, 3ರಿಂದ 5ಕ್ಕೆ 2ರಿಂದ 3, 6ರಿಂದ 8ಕ್ಕೆ 3ರಿಂದ 4, 9-10ಕ್ಕೆ 4ರಿಂದ 5 ಕಿಲೋ ಎಂದು ಮಿತಿ ಹಾಕಿದೆ. ಮಗುವಿನ ತೂಕದ ಶೇ. 10ನ್ನು ಬ್ಯಾಗು ಮೀರಬಾರದೆಂಬುದು ಅದರ ಹಿಂದಿರುವ ಲೆಕ್ಕ. ಆ ಹುಡುಗಿಯ ತೂಕ 34 ಕಿಲೋ. ಹತ್ತನೇ ಒಂದು ಭಾಗ 3 ಕಿಲೋ 400. ಈಗ ಸಂಕ ಬಿತ್ತು: ‘ನನ್ನ ಬ್ಯಾಗು 6 ಕಿಲೋ 100 ಗ್ರಾಂ ಇದೆ. ಏಳನೇ ತರಗತಿಗೆ 4 ಕಿಲೋ ಮೀರಬಾರದೆಂದು ಸುತ್ತೋಲೆ ಹೇಳುತ್ತದೆ. ಆದ್ದರಿಂದ ನಾನು ಹೊರುತ್ತಿರುವುದು ಮಿತಿಗಿಂತ 2 ಕಿಲೋ 100 ಗ್ರಾಂ ಹೆಚ್ಚು.’ ನಡುವಿನ ವಾಕ್ಯವೇ ಕೊಂಡಿ. ಅದನ್ನು ಕಿತ್ತುಹಾಕಿ ಮಿಕ್ಕ ಎರಡನ್ನು ಓದಿಸಿ, ಹಳ್ಳ ಅವನಿಗೇ ಕಾಣುತ್ತದೆ.

ರಿಮೋಟಿನ ವಾಕ್ಯಕ್ಕೆ ಹಿಂತಿರುಗೋಣ. ‘ನಿನ್ನೆ ನೀನು ನೋಡಿದೆ, ಇವತ್ತು ನನಗೆ ಕೊಡು.’ ಇಲ್ಲಿ ಕೊಂಡಿ ಎಲ್ಲಿ? ‘ಈ ಮನೆಯಲ್ಲಿ ಸರದಿಯ ಪ್ರಕಾರ ನೋಡಬೇಕು’ ಎಂಬ ನಿಯಮ ಬಾಯಿಬಿಟ್ಟು ಹೇಳದೆ ಉಳಿದಿದೆ. ಅಕ್ಕ ಜಾಣೆಯಾದರೆ ನಿನ್ನೆಯ ಮಾತನ್ನು ಅಲ್ಲಗಳೆಯುವುದಿಲ್ಲ, ‘ಸರದಿ ಎಂದು ಯಾರು ಹೇಳಿದರು?’ ಎಂದು ನೇರ ಕೊಂಡಿಗೇ ಕೈ ಹಾಕುತ್ತಾಳೆ. ಬ್ರಿಟಿಷ್ ತತ್ತ್ವಜ್ಞಾನಿ ಸ್ಟೀಫನ್ ಟೂಲ್ಮಿನ್ 1958ರಲ್ಲಿ ವಾದವನ್ನು ಆರು ಭಾಗಗಳಾಗಿ ಬಿಡಿಸಿ ತೋರಿಸಿದಾಗ ಈ ಬಚ್ಚಿಟ್ಟ ಕೊಂಡಿಗೆ ‘ವಾರಂಟ್’ ಎಂದು ಹೆಸರಿಟ್ಟ. ಹುಡುಗನಿಗೆ ಆ ಹೆಸರು ಬೇಡ. ಹೇಳದೆ ಬಿಟ್ಟ ನಿಯಮ ಯಾವುದೆಂದು ಹೆಕ್ಕಿ ತೆಗೆಯುವ ಆಟವಾಡಿಸಿ, ಜಾಹೀರಾತುಗಳಲ್ಲಿ ಬೇಕಾದಷ್ಟು ಸಿಗುತ್ತವೆ.

ನಮ್ಮಲ್ಲಿಯೂ ಇದರ ಹಳೆಯ ದಾರಿಯೊಂದಿದೆ. ಭಾರತದ ಪ್ರಾಚೀನ ತರ್ಕಶಾಸ್ತ್ರವಾದ ನ್ಯಾಯದರ್ಶನ ವಾದದ ಭಾಗಗಳಿಗೆ ‘ಅವಯವ’ಗಳೆಂದೇ ಹೆಸರಿಡುತ್ತದೆ: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಐದೂ ಕ್ರಮವಾಗಿ ಹೀಗೆ: ಗುಡ್ಡದಲ್ಲಿ ಬೆಂಕಿಯಿದೆ. ಏಕೆಂದರೆ ಹೊಗೆ ಕಾಣುತ್ತಿದೆ. ಹೊಗೆಯಿದ್ದಲ್ಲಿ ಬೆಂಕಿಯಿರುತ್ತದೆ, ಅಡುಗೆಮನೆಯಲ್ಲಿ ಇರುವಂತೆ. ಈ ಗುಡ್ಡದಲ್ಲಿಯೂ ಅಂಥದೇ ಹೊಗೆಯಿದೆ. ಆದ್ದರಿಂದ ಗುಡ್ಡದಲ್ಲಿ ಬೆಂಕಿಯಿದೆ. ಗ್ಯಾಸ್ ಒಲೆಯ ಕಾಲದ ಮಕ್ಕಳು ‘ಅಡುಗೆಮನೆಯಲ್ಲಿ ಹೊಗೆಯೇ ಇರುವುದಿಲ್ಲವಲ್ಲ’ ಎಂದು ಮೊದಲ ಕಲ್ಲು ಬೀಸುತ್ತಾರೆ, ಆಗ ಬಚ್ಚಲಿನ ಹಂಡೆ ಒಲೆಯನ್ನು ನೆನಪಿಸಬೇಕು. ಇದೇ ಮಾತನ್ನು ತಿರುಗಿಸಿ ‘ಬೆಂಕಿಯಿದ್ದಲ್ಲೆಲ್ಲ ಹೊಗೆ’ ಎನ್ನುವಂತಿಲ್ಲ. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ ಎಂದು ನ್ಯಾಯದರ್ಶನದ ಪಂಡಿತರೇ ತೋರಿಸಿದ್ದಾರೆ. ನಾನು ಇಷ್ಟನ್ನು ಬೋರ್ಡಿನ ಮೇಲೆ ಬರೆದು ಹೆಮ್ಮೆಯಿಂದ ತಿರುಗಿದರೆ ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: ‘ಅದು ಹೊಗೆಯಲ್ಲ, ಮಂಜು ಆಗಿದ್ದರೆ ಮಿಸ್?’ ನಮ್ಮದು ಮಲೆನಾಡಿನ ಸೆರಗು, ಬೆಳಗ್ಗೆ ಎಂಟರವರೆಗೆ ಗುಡ್ಡವೇ ಕಾಣುವುದಿಲ್ಲ. ಕೊಂಡಿ ಎಷ್ಟೇ ಗಟ್ಟಿಯಿರಲಿ, ಆಧಾರವೇ ಬೇರೆಯದಾಗಿದ್ದರೆ ಏನು ಗತಿ? ಅಂದಿನ ಪಾಠವನ್ನು ಅವನೇ ಮುಗಿಸಿಕೊಟ್ಟ.

ಆ ಹುಡುಗ ಕೇಳಿದ್ದಕ್ಕೆ ಪ್ರತಿವಾದ ಎನ್ನುತ್ತಾರೆ, ಹಾಳೆಯ ಕೌಂಟರ್‌ಕ್ಲೇಮ್ ಇದೇ. ಇದನ್ನು ಮಕ್ಕಳು ಬರೆಯುವಾಗ ಎದುರಾಳಿಯ ಬಾಯಿಗೆ ತಾವೇ ಒಂದು ಪೆದ್ದು ಮಾತು ತುರುಕುತ್ತಾರೆ: ‘ಕೆಲವರು ಮಕ್ಕಳು ಕಷ್ಟಪಡಲಿ ಎನ್ನುತ್ತಾರೆ.’ ಹಾಗೆ ಯಾರೂ ಎನ್ನುವುದಿಲ್ಲ. ನಿಜವಾಗಿ ಒಬ್ಬ ತಾಯಿ ಕೇಳುವುದು ‘ನೋಟ್ ಪುಸ್ತಕ ಶಾಲೆಯಲ್ಲೇ ಇಟ್ಟರೆ ಮನೆಗೆಲಸ ಹೇಗೆ ಮಾಡುತ್ತೀಯ, ಪರೀಕ್ಷೆಗೆ ಏನನ್ನು ಓದುತ್ತೀಯ?’ ಎಂದು. ಒಳ್ಳೆಯ ಪ್ರಶ್ನೆ, ಉತ್ತರಿಸಲು ಸ್ವಲ್ಪ ಬೆವರಬೇಕು. ವೇಳಾಪಟ್ಟಿ ತೆಗೆದು ನೋಡಿದರೆ ಮನೆಗೆಲಸ ದಿನಕ್ಕೆ ಎರಡು ವಿಷಯಕ್ಕಷ್ಟೇ, ಆ ಎರಡನ್ನು ಮಾತ್ರ ಮನೆಗೆ ತಂದರಾಯಿತು ಎಂಬುದು ಖಂಡನೆ, ಹಾಳೆಯ ರಿಬಟಲ್. ಪರೀಕ್ಷೆಯ ವಾರದಲ್ಲಿ ಎಲ್ಲವನ್ನೂ ತರಬೇಕಾಗುತ್ತದೆ ಎಂದು ಒಪ್ಪಿಕೊಳ್ಳಲಿ. ಒಪ್ಪಬೇಕಾದದ್ದನ್ನು ಒಪ್ಪಿದವನ ಮಿಕ್ಕ ಮಾತಿಗೆ ತೀರ್ಪುಗಾರರು ಹೆಚ್ಚು ಕಿವಿಗೊಡುತ್ತಾರೆ, ನಾನಂತೂ ಕೊಡುತ್ತಿದ್ದೆ. ತನ್ನದೊಂದು ನಿಲುವನ್ನು ಹೇಳದೆ ಬರೀ ಎದುರಿನವರದನ್ನು ಬೀಳಿಸುತ್ತಾ ಹೋಗುವುದು ವಿತಂಡ. ಇಂದು ‘ವಿತಂಡವಾದ’ ಎಂದು ಬೈಗುಳದಂತೆ ಬಳಸುತ್ತೇವೆ, ನ್ಯಾಯಶಾಸ್ತ್ರದಲ್ಲಿ ಅದಕ್ಕಿರುವ ಅರ್ಥ ಇಷ್ಟು ಖಚಿತ.

ಮನೆಯಲ್ಲಿ ಮಾಡಲು ಒಂದು ಕೆಲಸ: ಮೊದಲ ದಿನ ಪರವಾಗಿ ಬರೆಸಿ, ಮರುದಿನ ಅದೇ ಮಗನಿಂದ ಅಷ್ಟೇ ಜೋರಾಗಿ ವಿರೋಧವಾಗಿ ಬರೆಸಿ. ಗೊಣಗುತ್ತಾನೆ, ಬರೆಯಲಿ. ಎರಡನ್ನೂ ಪಕ್ಕದಲ್ಲಿಟ್ಟು ‘ಏಕೆಂದರೆ’ ಮತ್ತು ‘ಆದ್ದರಿಂದ’ಗಳ ಕೆಳಗೆ ಗೆರೆ ಎಳೆಯಲಿ. ಗೆರೆಯೇ ಇಲ್ಲದ ಪುಟದಲ್ಲಿ ವಾದವಿಲ್ಲ, ಭಾಷಣ ಮಾತ್ರ ಇದೆ.

ನಮ್ಮ ಹುಡುಗಿ ನಿಲುವನ್ನು ತಿದ್ದಿ ಹೊಸದಾಗಿ ಬರೆದಳು: ಶಾಲೆಯಲ್ಲಿ ಕುಡಿಯಲು ಒಳ್ಳೆಯ ನೀರು, ನೋಟ್ ಪುಸ್ತಕ ಇಡಲು ಒಂದು ಕಪಾಟು. ಕಪಾಟು ಬಂತು. ಬಾಟಲಿ ಚಿಕ್ಕದಾಯಿತು, ಅರ್ಧದಷ್ಟು ನೋಟ್ ಪುಸ್ತಕಗಳು ಶಾಲೆಯಲ್ಲಿ, ಗೈಡು ಮನೆಯಲ್ಲಿ ಉಳಿದವು. ಮತ್ತೆ ಅದೇ ತಕ್ಕಡಿಯ ಮೇಲೆ ಇಟ್ಟಾಗ 4 ಕಿಲೋ 300 ಗ್ರಾಂ. ಮಿತಿಗಿಂತ ಇನ್ನೂ 300 ಗ್ರಾಂ ಹೆಚ್ಚು. ಕೊಡೆಯೊಂದನ್ನೇ ತೂಗಿದೆ, ಸರಿಯಾಗಿ 300. ‘ಇದನ್ನು ಬಿಟ್ಟುಬಿಡು’ ಎಂದೆ.

‘ಮಳೆ ಬಂದರೆ ಮಿಸ್?’ ಎಂದಳು.