ಡಿಲೇ ಪೆಡಲ್: ಮನೆಯಲ್ಲಿ ಚೆಂದ, ಸ್ಟೇಜ್ ಮೇಲೆ ಯಾಕೆ ಗಲಾಟೆ?

ಡಿಲೇ ಪೆಡಲ್ ಎಂದರೆ ಗಿಟಾರ್‌ನಲ್ಲಿ ನುಡಿಸಿದ್ದನ್ನು ಸ್ವಲ್ಪ ತಡವಾಗಿ ಮತ್ತೆ ಕೇಳಿಸುವ, ಕಾಲಲ್ಲಿ ಒತ್ತುವ ಪೆಟ್ಟಿಗೆ. ಅದರ ಬಗ್ಗೆ ನನಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ‘ಯಾವ ಪೆಡಲ್ ಕೊಳ್ಳಲಿ’ ಎಂದೇ ಇರುತ್ತವೆ. ಇರುವ ಪೆಡಲನ್ನು ಹಾಡಿಗೆ ಹೇಗೆ ಹೊಂದಿಸಬೇಕು ಎಂದು ಕೇಳುವವರು ಕಡಿಮೆ. ಕೆಳಗಿನ ಮೊದಲ ಪ್ರಶ್ನೆಯೂ ‘ಕೊಳ್ಳಲೇ’ ಎಂದೇ ಮುಗಿಯುತ್ತದೆ, ಆದರೆ ತೊಂದರೆಯನ್ನು ಸರಿಯಾಗಿ ಬಿಡಿಸಿ ಹೇಳಿದ್ದಾರೆ. ಅದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ. ರಿಪೀಟ್ ಎಷ್ಟು ತಡವಾಗಿ ಬರಬೇಕು ಎನ್ನುವುದು ಟೈಮ್ ನಾಬ್, ಎಷ್ಟು ಸಲ ಎನ್ನುವುದು ಫೀಡ್‌ಬ್ಯಾಕ್, ಎಷ್ಟು ಜೋರು ಎನ್ನುವುದು ಲೆವೆಲ್. ಉಳಿದದ್ದು ಮ್ಯಾನ್ಯುಯಲ್‌ನಲ್ಲಿದೆ. ಓದಿಕೊಳ್ಳಿ.

ಪ್ರಶ್ನೆ: ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತೇನೆ. ಬಾಸ್ ಕಂಪನಿಯ ಹಳೆಯ ಡಿಡಿ-3 ಡಿಜಿಟಲ್ ಡಿಲೇ ಪೆಡಲ್ ಇದೆ. ಮನೆಯಲ್ಲಿ ಸೌಂಡ್ ಅದ್ಭುತ. ಕಲ್ಯಾಣ ಮಂಟಪದಲ್ಲಿ ಪ್ರೋಗ್ರಾಂ ಇದ್ದರೆ ಎಲ್ಲ ಕಲಸಿಹೋಗುತ್ತದೆ, ಹಾಡುವವರು ‘ಅದನ್ನ ಆಫ್ ಮಾಡಿ’ ಎನ್ನುತ್ತಾರೆ. ಅನಲಾಗ್ ಪೆಡಲ್ ತಗೊಂಡರೆ ಸರಿಹೋಗುತ್ತದೆ ಎಂದು ಅಂಗಡಿಯವರು ಹೇಳಿದರು. ಕೊಳ್ಳಲೇ? (ಹಾಸನದ ಓದುಗರು)

ಉತ್ತರ: ಕೊಳ್ಳಬೇಡಿ. ಪೆಡಲ್ ಚೆನ್ನಾಗಿಯೇ ಇದೆ, ಸರಿಯಿಲ್ಲದಿರುವುದು ಸೆಟ್ಟಿಂಗ್.

ಮನೆಯಲ್ಲಿ ಕೇಳಿಸುವುದು ನಿಮ್ಮ ಗಿಟಾರ್ ಒಂದೇ. ಸುತ್ತ ಬೇರೇನೂ ಇಲ್ಲದ್ದರಿಂದ ಲೆವೆಲ್ ಏರಿಸುತ್ತಾ ಹೋಗುತ್ತೀರಿ, ಕಿವಿಗೂ ಹಿತವಾಗಿರುತ್ತದೆ. ಸ್ಟೇಜ್ ಮೇಲೆ ತುಂಬಲು ಜಾಗವೇ ಇಲ್ಲ. ಕೀಬೋರ್ಡಿನವರು ಸ್ಟ್ರಿಂಗ್ಸ್ ಹಿಡಿದಿರುತ್ತಾರೆ, ಆಕ್ಟೋಪ್ಯಾಡ್ ಇರುತ್ತದೆ, ಡೋಲಕ್ ಇರುತ್ತದೆ. ಹಾಡುವವರ ಮೈಕಿಗೆ ಸೌಂಡ್‌ನವರು ಮಿಕ್ಸರ್‌ನಿಂದಲೇ ಎಕೋ ಹಾಕಿರುತ್ತಾರೆ. ಸಾಲದ್ದಕ್ಕೆ ಹಾಲ್ ಬೇರೆ. ಬರೀ ಗೋಡೆ, ಗ್ರಾನೈಟ್ ನೆಲ, ಎತ್ತರದ ಚಾವಣಿ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಹಿಂದಿನ ಗೋಡೆ 25 ಮೀಟರ್ ದೂರದಲ್ಲಿದ್ದರೆ ಹೋಗಿ ಬರಲು ಸುಮಾರು 145 ಮಿಲಿಸೆಕೆಂಡ್. ಅಂದರೆ ಒಂದು ಡಿಲೇ ಆಗಲೇ ಆನ್ ಆಗಿದೆ, ಅದಕ್ಕೆ ಆಫ್ ಸ್ವಿಚ್ ಇಲ್ಲ. ಅದರ ಮೇಲೆ ನಿಮ್ಮದು. ಹಾಡುವವರು ಸುಮ್ನೆ ಬೈಯುತ್ತಿಲ್ಲ.

ಹಾಗಾಗಿ ಮೊದಲ ಕೆಲಸ, ಲೆವೆಲ್ ಇಳಿಸುವುದು. ಎಷ್ಟು ಅಂದರೆ, ಬ್ಯಾಂಡ್ ಪೂರ್ತಿ ನುಡಿಸುತ್ತಿರುವಾಗ ಡಿಲೇ ಬೇರೆಯಾಗಿ ಕೇಳಿಸಬಾರದು, ಆಫ್ ಮಾಡಿದರೆ ಮಾತ್ರ ಗಿಟಾರ್ ಒಣಗಿದಂತಾಗಬೇಕು. ಫೀಡ್‌ಬ್ಯಾಕ್ ಎರಡು ಮೂರು ರಿಪೀಟ್‌ಗೆ ಸಾಕು. ಹಾಲ್ ತುಂಬಾ ಮೊಳಗುತ್ತಿದ್ದರೆ ಒಂದೇ ಸಾಕು.

ಎರಡನೆಯದು ಟೈಮ್. ಹೆಚ್ಚಿನವರು ಎಡವುವುದು ಇಲ್ಲೇ, ಯಾಕೆಂದರೆ ಟೈಮ್ ನಾಬನ್ನು ಒಂದು ಸಲ ತಿರುಗಿಸಿ ಎಲ್ಲ ಹಾಡಿಗೂ ಅದನ್ನೇ ಇಟ್ಟುಕೊಂಡಿರುತ್ತಾರೆ. ಲೆಕ್ಕ ಸುಲಭ. 60,000ವನ್ನು ಹಾಡಿನ ಟೆಂಪೋದಿಂದ, ಅಂದರೆ ನಿಮಿಷಕ್ಕೆ ಎಷ್ಟು ಬೀಟ್ ಎಂಬುದರಿಂದ ಭಾಗಿಸಿದರೆ ಒಂದು ಬೀಟ್ ಎಷ್ಟು ಮಿಲಿಸೆಕೆಂಡ್ ಎಂದು ಸಿಗುತ್ತದೆ. ಟೆಂಪೋ 100 ಇದ್ದರೆ 600. ಅದರ ಅರ್ಧ 300, ಮುಕ್ಕಾಲು 450. ಈ ಮುಕ್ಕಾಲನ್ನೇ ಡಾಟೆಡ್ ಏಯ್ತ್ ಎನ್ನುವುದು. ಯು2 ಬ್ಯಾಂಡಿನ ಗಿಟಾರಿಸ್ಟ್ ಎಡ್ಜ್ ಕೈಯಲ್ಲಿ ಇದು ಹೆಸರಾಯಿತು. ನಾಲ್ಕರ ನಡೆಯ ಹಾಡಿಗೆ ಬಹಳ ಚೆನ್ನಾಗಿ ಕೂರುತ್ತದೆ. ಅಲ್ಲಿಂದ ಎಲ್ಲರೂ ಅದನ್ನೇ ಕಲಿತು, ಎಲ್ಲ ಹಾಡಿಗೂ ಅದನ್ನೇ ಹಾಕುತ್ತಾರೆ.

ಆದರೆ ನೀವು ನುಡಿಸುವ ಹಾಡುಗಳಲ್ಲಿ ಎಷ್ಟೊಂದು ದಾದ್ರಾ ನಡೆಯವು, ಅಲ್ವಾ? ಸಿಕ್ಸ್-ಏಯ್ಟ್ ಎನ್ನುತ್ತೇವಲ್ಲ, ಅವು. ಅಲ್ಲಿ ಒಂದು ಬೀಟ್ ಮೂರಾಗಿ ಒಡೆಯುತ್ತದೆ. ನಿಮಿಷಕ್ಕೆ 80 ಬೀಟ್ ಎಂದುಕೊಳ್ಳಿ. ಒಂದು ಬೀಟ್ 750 ಮಿಲಿಸೆಕೆಂಡ್, ಅದರೊಳಗೆ 250ರಂತೆ ಮೂರು ಮಾತ್ರೆ. ಇದಕ್ಕೆ ಮುಕ್ಕಾಲಿನ ಲೆಕ್ಕ ಹಾಕಿದರೆ ಡಿಲೇ 562ಕ್ಕೆ ಬೀಳುತ್ತದೆ. ಡೋಲಕ್‌ನವರ ಪೆಟ್ಟು 500ಕ್ಕೆ ಬಿದ್ದಾಗಿದೆ, ನಿಮ್ಮದು 62 ಮಿಲಿಸೆಕೆಂಡ್ ತಡ. ಮುಂದಿನ ರಿಪೀಟ್ 1125ಕ್ಕೆ, ಅದೂ ಎರಡು ಮಾತ್ರೆಗಳ ನಟ್ಟನಡುವೆ. ಕೇಳುವವರಿಗೆ ಇದು ಎಕೋ ಅನಿಸುವುದಿಲ್ಲ, ಗಿಟಾರಿನವರಿಗೆ ತಾಳ ಬರುವುದಿಲ್ಲ ಅನಿಸುತ್ತದೆ. ಈ ಹಾಡಿಗೆ 250 ಅಥವಾ 500 ಇಡಿ. ಉದ್ದನೆಯ ಲೀಡ್ ಇದ್ದರೆ 750. ನಾಲ್ಕರ ನಡೆಗೆ ಅರ್ಧ ಮತ್ತು ಮುಕ್ಕಾಲು, ಮೂರರ ನಡೆಗೆ ಮೂರನೇ ಒಂದು ಮತ್ತು ಮೂರನೇ ಎರಡು. ಇದೊಂದನ್ನು ಸರಿಮಾಡಿಕೊಂಡರೆ ನಿಮ್ಮ ಗಲಾಟೆ ಎಷ್ಟೋ ಕಮ್ಮಿಯಾಗುತ್ತದೆ.

ನಿಮ್ಮ ಹಳೆಯ ಡಿಡಿ-3ಯಲ್ಲಿ ಟ್ಯಾಪ್ ಟೆಂಪೋ (ಕಾಲಲ್ಲಿ ತಟ್ಟಿ ಟೈಮ್ ಹೊಂದಿಸುವ ಸೌಲಭ್ಯ) ಇಲ್ಲ, ನಾಬ್ ಮೇಲೆ ಮಿಲಿಸೆಕೆಂಡ್ ಗುರುತೂ ಇಲ್ಲ. ಪರವಾಗಿಲ್ಲ. ಮೋಡ್ ನಾಬನ್ನು 800ಕ್ಕೆ ಇಡಿ, ಆಗ 200ರಿಂದ 800ರವರೆಗೆ ಸಿಗುತ್ತದೆ. ರಿಹರ್ಸಲ್‌ನಲ್ಲಿ ಡೋಲಕ್‌ನವರಿಗೆ ಆ ಹಾಡಿನ ನಡೆ ಹಿಡಿಯಲು ಹೇಳಿ. ಫೀಡ್‌ಬ್ಯಾಕ್ ಪೂರ್ತಿ ಇಳಿಸಿ, ಲೆವೆಲ್ ಏರಿಸಿ. ಬಲ ಅಂಗೈಯನ್ನು ಬ್ರಿಡ್ಜ್ ಹತ್ತಿರ ತಂತಿಗಳ ಮೇಲೆ ಒತ್ತಿ, ಮೊದಲ ಪೆಟ್ಟಿನ ಜೊತೆಗೆ ಒಂದೇ ಸಲ ‘ಟಕ್’ ಎನ್ನಿಸಿ. ಪೆಡಲ್ ಇನ್ನೊಂದು ‘ಟಕ್’ ಕೊಡುತ್ತದೆ. ಅದು ಡೋಲಕ್‌ನ ಪೆಟ್ಟಿನೊಳಗೆ ಮುಳುಗಿ ಕಾಣೆಯಾಗುವವರೆಗೆ ಟೈಮ್ ನಾಬನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋಗಿ. ಸಿಕ್ಕ ಜಾಗದಲ್ಲಿ ಸಣ್ಣ ಸ್ಟಿಕ್ಕರ್ ಹಚ್ಚಿ ಹಾಡಿನ ಹೆಸರು ಬರೆಯಿರಿ. ಆಮೇಲೆ ಲೆವೆಲ್ ಇಳಿಸಿ. ಸ್ಟೇಜ್‌ನ ಕತ್ತಲಲ್ಲಿ ಕಿವಿಯಿಂದ ಹುಡುಕುತ್ತಾ ಕೂರಲು ಆಗುವುದಿಲ್ಲ. ನನ್ನನ್ನು ಕೇಳಿದರೆ ಒಂದು ರಾತ್ರಿಗೆ ಮೂರು ಸೆಟ್ಟಿಂಗ್‌ಗಿಂತ ಜಾಸ್ತಿ ಬೇಡ.

ಇನ್ನು ಕೈ. ಸ್ಟ್ರಮ್ಮಿಂಗ್ ಮಾಡುವಾಗ ಡಿಲೇ ಆಫ್ ಇರಲಿ. ಆರು ತಂತಿ ಒಟ್ಟಿಗೆ ಮೊಳಗುವಾಗ ಹಿಂದಿನ ಕಾರ್ಡ್‌ನ ರಿಪೀಟ್ ಮುಂದಿನ ಕಾರ್ಡ್‌ನ ಮೇಲೆ ಬೀಳುತ್ತದೆ. ಜಿ ಮೇಜರ್ ಮುಗಿಯುವ ಮೊದಲೇ ಎಫ್ ಶಾರ್ಪ್ ಬಂದರೆ ಯಾವ ಪೆಡಲ್ ಬಂದೂ ಕಾಪಾಡಲಾರದು. ಲೀಡ್‌ನಲ್ಲಿ, ಬಿಡಿ ಸ್ವರಗಳಲ್ಲಿ, ಪಲ್ಲವಿ–ಚರಣಗಳ ನಡುವಿನ ಬಿಟ್‌ಗಳಲ್ಲಿ ಆನ್ ಮಾಡಿ. ಅಲ್ಲೂ ಸಾಲಿನ ಕೊನೆಗೆ ಒಂದು ಬೀಟ್ ಸುಮ್ಮನಿರಿ. ಡಿಲೇ ಕೇಳಿಸುವುದು ನೀವು ನಿಲ್ಲಿಸಿದಾಗ.

ಪ್ರಶ್ನೆ: ಅನಲಾಗ್ ಡಿಲೇನೇ ನಿಜವಾದ ಡಿಲೇ ಎನ್ನುತ್ತಾರೆ. ಹೌದಾ?

ಉತ್ತರ: ಹಾಸನದವರಿಗೆ ಅಂಗಡಿಯಲ್ಲಿ ಹೇಳಿದ ಮಾತಿಗೆ ಇದೇ ಮೂಲ. ಅನಲಾಗ್ ಪೆಡಲ್‌ನೊಳಗೆ ಬಕೆಟ್ ಬ್ರಿಗೇಡ್ ಚಿಪ್ ಇರುತ್ತದೆ. 1969ರಲ್ಲಿ ಫಿಲಿಪ್ಸ್ ಲ್ಯಾಬ್‌ನಲ್ಲಿ ಹುಟ್ಟಿದ ಐಡಿಯಾ. ಸಾಲಾಗಿ ನಿಂತವರು ಬಿಂದಿಗೆ ಕೈದಾಟಿಸಿದ ಹಾಗೆ ಸಿಗ್ನಲ್ ಒಂದು ಕೆಪಾಸಿಟರ್‌ನಿಂದ ಮುಂದಿನದಕ್ಕೆ ಹೋಗುತ್ತದೆ. ಹೆಸರುವಾಸಿ ಎಂಎನ್3005 ಚಿಪ್‌ನಲ್ಲಿ ಇಂಥ 4096 ಹಂತಗಳಿವೆ. ಡಿಲೇ ಉದ್ದವಾಗಬೇಕಾದರೆ ಕ್ಲಾಕ್, ಅಂದರೆ ಈ ಕೈದಾಟಿಸುವ ವೇಗ, ನಿಧಾನವಾಗಬೇಕು. ನಿಧಾನವಾದಷ್ಟೂ ಗಲೀಜು ಸದ್ದು ಸೇರಿಕೊಳ್ಳುತ್ತದೆ, ಅದನ್ನು ತಡೆಯಲು ಫಿಲ್ಟರ್ ಹಾಕಿ ಮೇಲಿನ ಫ್ರೀಕ್ವೆನ್ಸಿ ಕತ್ತರಿಸುತ್ತಾರೆ. ನೀವು ‘ವಾರ್ಮ್’ ಎನ್ನುವುದು ಬಹುಪಾಲು ಈ ಕತ್ತರಿಸಿದ ಟ್ರೆಬಲ್. ರಿಪೀಟ್ ಮಂಕಾಗಿರುವುದರಿಂದ ಗಿಟಾರ್‌ನ ಹಿಂದೆ ನಿಲ್ಲುತ್ತದೆ, ಅದು ನಿಜಕ್ಕೂ ಅನುಕೂಲವೇ. ಟೋನ್ ನಾಬ್ ಇರುವ ಡಿಜಿಟಲ್ ಪೆಡಲ್‌ನಲ್ಲಿ ಅದನ್ನು ಇಳಿಸಿದರೆ ಬಹುಮಟ್ಟಿಗೆ ಅದೇ ಸಿಗುತ್ತದೆ. ಡಿಡಿ-3ಯಲ್ಲಿ ಟೋನ್ ಇಲ್ಲ, ಅದಕ್ಕೇ ಲೆವೆಲ್ ಇನ್ನೂ ಕಮ್ಮಿ ಇರಬೇಕು.

ಕಡಿಮೆ ಬೆಲೆಗೆ ‘ಪ್ಯೂರ್ ಅನಲಾಗ್’ ಎಂದು ಮಾರುವ ಪೆಡಲ್‌ಗಳನ್ನು ಬಿಚ್ಚಿ ನೋಡಿ. ಎಷ್ಟೋ ಸಲ ಒಳಗೆ ಕೂತಿರುವುದು ಪಿಟಿ2399. ಅದು ಡಿಜಿಟಲ್ ಎಕೋ ಚಿಪ್. ಸುಮಾರು 340 ಮಿಲಿಸೆಕೆಂಡ್ ದಾಟಿದ ಮೇಲೆ ಅದರ ಸದ್ದು ಒಡೆಯುತ್ತಾ ಹೋಗುತ್ತದೆ. ಚಿಪ್ ಕೆಟ್ಟದ್ದಲ್ಲ, ಚೆಂದದ ಪೆಡಲ್‌ಗಳೂ ಅದರಲ್ಲಿ ಆಗಿವೆ. ಸುಳ್ಳು ಹೆಸರಿಟ್ಟು ಮಾರುವುದು ಮೋಸ.

ಪ್ರಶ್ನೆ: ಒಬ್ಬರು ಆಪ್‌ಆಂಪ್ (ಸಿಗ್ನಲ್ ಹಿಗ್ಗಿಸುವ ಸಣ್ಣ ಐಸಿ) ಬದಲಾಯಿಸಿ ಡಿಜಿಟಲ್ ಡಿಲೇಗೆ ‘ಟೇಪ್ ಸೌಂಡ್’ ಬರಿಸಿಕೊಡುತ್ತೇನೆ ಎನ್ನುತ್ತಾರೆ. ಮಾಡಿಸಲೇ?

ಉತ್ತರ: ಬೇಡ. 1974ರ ರೋಲ್ಯಾಂಡ್ ಸ್ಪೇಸ್ ಎಕೋದಂಥ, ಟೇಪ್ ಓಡಿಸಿ ಎಕೋ ಕೊಡುವ ಯಂತ್ರದಲ್ಲಿ ಆ ಸದ್ದು ಬರುವುದು ಟೇಪ್ ಓಡುವಾಗಿನ ಸಣ್ಣ ಅಲುಗಾಟದಿಂದ, ಟೇಪ್ ಹಿಡಿಸುವುದಕ್ಕಿಂತ ಸಿಗ್ನಲ್ ಜೋರಾದಾಗ ಸದ್ದು ಮೆದುವಾಗಿ ಒಡೆಯುವುದರಿಂದ. ಎಂಟು ಕಾಲಿನ ಒಂದು ಐಸಿ ಬದಲಾಯಿಸಿದರೆ ಇದ್ಯಾವುದೂ ಬರುವುದಿಲ್ಲ. ಹೀಗೆ ಬೆಸುಗೆ ಹಾಕಿಸಿಕೊಂಡು ಬೋರ್ಡಿನ ತಾಮ್ರದ ಟ್ರ್ಯಾಕ್ ಎದ್ದುಹೋದ ಪೆಡಲ್‌ಗಳು ನನ್ನ ಟೇಬಲ್ ಮೇಲೆ ಬರುತ್ತಲೇ ಇರುತ್ತವೆ. ಕೆಲವನ್ನು ಉಳಿಸಲು ಆಗುವುದಿಲ್ಲ, ತಂದವರ ಮುಖ ನೋಡಲು ಬೇಜಾರಾಗುತ್ತದೆ.

ಪ್ರಶ್ನೆ: ಪೆಡಲ್‌ಗಳ ಸಾಲಿನಲ್ಲಿ ಡಿಸ್ಟಾರ್ಷನ್ (ಸದ್ದನ್ನು ಒರಟಾಗಿಸುವ ಪೆಡಲ್) ಮೊದಲೋ, ಡಿಲೇ ಮೊದಲೋ?

ಉತ್ತರ: ಡಿಸ್ಟಾರ್ಷನ್ ಮೊದಲು. ಆಂಪ್‌ನ ಡಿಸ್ಟಾರ್ಷನ್ ಬಳಸುವುದಾದರೆ ಡಿಲೇಯನ್ನು ಎಫೆಕ್ಟ್ಸ್ ಲೂಪ್‌ಗೆ (ಆ ಡಿಸ್ಟಾರ್ಷನ್ ಆದ ಮೇಲೆ ಪೆಡಲ್ ಸೇರಿಸಲು ಆಂಪ್‌ನಲ್ಲಿರುವ ಜಾಕ್‌ಗಳಿಗೆ) ಹಾಕಿ.

ಪ್ರಶ್ನೆ: ರಿಪೀಟ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಡಾಡುವ ಪಿಂಗ್-ಪಾಂಗ್ ಡಿಲೇ ಸ್ಟೇಜ್ ಮೇಲೆ ಕೇಳಿಸುತ್ತಿಲ್ಲ.

ಉತ್ತರ: ಸೌಂಡ್ ಮೋನೋ ಇದ್ದರೆ, ಅಂದರೆ ಎಲ್ಲ ಸ್ಪೀಕರ್‌ನಲ್ಲೂ ಒಂದೇ ಸದ್ದು ಬರುತ್ತಿದ್ದರೆ, ಆ ಓಡಾಟ ಕೇಳಿಸುವುದಿಲ್ಲ, ಸಾಮಾನ್ಯವಾಗಿ ಮೋನೋನೇ ಇರುತ್ತದೆ.

ಪ್ರಶ್ನೆ: ಅಡಾಪ್ಟರ್ ಯಾವುದಾದರೂ ಆಗುತ್ತದಾ? ಆಂಪ್ ಗುಂಯ್‌ಗುಡುತ್ತದೆ ಎಂದು ಅರ್ತ್ ಪಿನ್ ತೆಗೆದಿದ್ದೇವೆ, ಈಗ ಸದ್ದಿಲ್ಲ.

ಉತ್ತರ: ಅಡಾಪ್ಟರ್ ಯಾವುದಾದರೂ ಆಗುವುದಿಲ್ಲ. ಪೆಡಲ್ ಮೇಲೆ ಬರೆದಷ್ಟೇ ವೋಲ್ಟೇಜ್, ಬರೆದ ದಿಕ್ಕಿನದೇ ಪಿನ್. ಹೆಚ್ಚಿನವಕ್ಕೆ 9 ವೋಲ್ಟ್, ನಡುವೆ ನೆಗೆಟಿವ್. ಒಂದೇ ಅಡಾಪ್ಟರ್‌ನಿಂದ ಎಲ್ಲ ಪೆಡಲ್‌ಗೂ ವೈರ್ ಎಳೆದಾಗ ಸಣ್ಣಗೆ ‘ಕುಂಯ್’ ಎಂದರೆ, ಡಿಜಿಟಲ್ ಡಿಲೇಗೆ ಬೇರೆ ಅಡಾಪ್ಟರ್ ಕೊಡಿ.

ಅರ್ತ್ ಪಿನ್ ಇವತ್ತೇ ಮತ್ತೆ ಹಾಕಿಸಿ, ಅಲ್ಲಿಯವರೆಗೆ ಆ ಆಂಪ್ ಆನ್ ಮಾಡಬೇಡಿ. ನಿಮ್ಮ ತಂತಿಗಳು ಕೇಬಲ್ ಮೂಲಕ ಆಂಪ್‌ನ ಲೋಹದ ಚಾಸಿಗೆ ಸೇರಿವೆ. ಒಳಗೆ ಒಂದು ವೈರ್ ತಾಗಿದರೆ 230 ವೋಲ್ಟ್ ನೇರ ನಿಮ್ಮ ಬೆರಳಿಗೆ ಬರುತ್ತದೆ. ಎದುರಿನ ಮೈಕ್ ಬೇರೆ ಲೈನ್‌ನಿಂದ ಅರ್ತ್ ಆಗಿರುತ್ತದೆ, ತುಟಿ ತಾಗಿದರೆ ಕರೆಂಟ್ ಎದೆಯ ಮೂಲಕವೇ ಹರಿಯುತ್ತದೆ. ಹೀಗೆ ಜನ ಸತ್ತಿದ್ದಾರೆ. ಗುಂಯ್‌ಗೆ ಕಾರಣ ಹುಡುಕಬೇಕಾದ್ದು ಕೇಬಲ್‌ನಲ್ಲಿ, ಅಡಾಪ್ಟರ್‌ನಲ್ಲಿ, ಆಂಪ್ ಮತ್ತು ಮಿಕ್ಸರ್ ಬೇರೆ ಬೇರೆ ಪಾಯಿಂಟ್‌ನಿಂದ ಲೈನ್ ತೆಗೆದುಕೊಂಡಿರುವುದರಲ್ಲಿ. ಪ್ರೋಗ್ರಾಂಗೆ ಮುಂಚೆ ಮಲ್ಟಿಮೀಟರನ್ನು ಎಸಿಗೆ ಇಟ್ಟು, ಒಂದು ಕಡ್ಡಿ ಗಿಟಾರ್ ತಂತಿಗೆ, ಇನ್ನೊಂದು ಮೈಕ್‌ನ ಜಾಲರಿಗೆ ಹಿಡಿಯಿರಿ. ಸೊನ್ನೆಯ ಹತ್ತಿರ ತೋರಿಸದಿದ್ದರೆ ಗಿಟಾರ್ ಮುಟ್ಟಬೇಡಿ, ಎಲೆಕ್ಟ್ರಿಷಿಯನ್ ಕರೆಸಿ.