ಪ್ರತಿಕ್ರಿಯೆ: ಮಗುವನ್ನು ಎತ್ತಿಕೊಂಡಿರುವ ಸಂತರ ಪಟ

ದಾವಣಗೆರೆಯ ಹಳೆಯ ಸಾಮಾನಿನ ಅಂಗಡಿಯಲ್ಲಿ ನೀವು ಕೊಂಡ ಪಟದಲ್ಲಿರುವ ಸಂತರು ಯಾರು ಎಂದು ಕೇಳಿದ್ದೀರಿ. ಅದರಲ್ಲಿ ಕಂದು ನಿಲುವಂಗಿ ತೊಟ್ಟು ಮಗುವನ್ನೂ ಬಿಳಿ ಲಿಲ್ಲಿ ಹೂವನ್ನೂ ಹಿಡಿದಿರುವವರು ಬಹುಮಟ್ಟಿಗೆ 1231ರಲ್ಲಿ ತೀರಿಕೊಂಡ, ಇಟಲಿಯ ಪಾದುವಾದ ಸಂತ ಅಂತೋಣಿಯವರು, ಮಗು ಬಾಲಯೇಸು. ಆದರೆ ಯೇಸುವಿನ ಸಾಕುತಂದೆ ಸಂತ ಜೋಸೆಫರನ್ನೂ ಮಗು ಮತ್ತು ಲಿಲ್ಲಿಯೊಂದಿಗೇ ಚಿತ್ರಿಸುವ ರೂಢಿಯಿರುವುದರಿಂದ ಮೊದಲು ಮುಖವನ್ನು ನೋಡಿ: ಗಡ್ಡವಿದ್ದರೆ ಸಾಮಾನ್ಯವಾಗಿ ಜೋಸೆಫರು; ಗಡ್ಡವಿಲ್ಲದ ಎಳೆಯ ಮುಖವಿದ್ದು, ನೆತ್ತಿಯನ್ನು ಬೋಳಿಸಿ ಸುತ್ತಲೂ ಕೂದಲು ಉಳಿಸಿದ್ದರೆ ಅಂತೋಣಿಯವರು. ನಿಲುವಂಗಿಯ ಬಣ್ಣವೊಂದನ್ನೇ ನಂಬಬೇಡಿ. ಬಳಿಕ ಸೊಂಟವನ್ನು ಗಮನಿಸಿ. ಅಂತೋಣಿಯವರು ಸೇರಿದ್ದ ಫ್ರಾನ್ಸಿಸ್ಕನ್ ಸಭೆಯವರು (ಸಂತ ಫ್ರಾನ್ಸಿಸರ ಹಾದಿಯ ಸನ್ಯಾಸಿಗಳು) ಕಟ್ಟುವ ಹಗ್ಗದಲ್ಲಿ ಮೂರು ಗಂಟುಗಳಿರುತ್ತವೆ.

ಕೊನೆಯಲ್ಲಿ ಹಿಂಬದಿಯ ರಟ್ಟನ್ನು ನಿಧಾನವಾಗಿ ಬಿಚ್ಚಿರಿ. ಸಂತರ ಹೆಸರು, ಮುದ್ರಣಾಲಯದ ಹೆಸರು ಇದ್ದರೆ ಅವು ಹೆಚ್ಚಾಗಿ ಚೌಕಟ್ಟಿನಡಿ ಮುಚ್ಚಿಹೋದ ಕೆಳಅಂಚಿನಲ್ಲಿರುತ್ತವೆ. ಕಾಗದವು ಗಾಜಿಗೆ ಅಂಟಿದ್ದರೆ ಮಾತ್ರ ಎಳೆಯದೆ, ಪಟದ ಫೋಟೋ ತೆಗೆದು ಹರಿಹರದ ಆರೋಗ್ಯ ಮಾತೆಯ ದೇವಾಲಯದ ಗುರುಗಳಿಗೆ ತೋರಿಸಿ.