ಕಾಲಿನ ಬಲ ಕುಂದಿದಾಗ ಬೆನ್ನುಹುರಿಯ ರಕ್ತನಾಳಗಳನ್ನೂ ನೋಡಬೇಕು

ಪ್ರಶ್ನೆ: ನಮ್ಮ ತಂದೆಯವರಿಗೆ 61 ವರ್ಷ. ಒಂದು ವರ್ಷದಿಂದ ಎರಡೂ ಕಾಲುಗಳಲ್ಲಿ ಜೋಮು, ನಿಶ್ಶಕ್ತಿ ಹೆಚ್ಚುತ್ತ ಬಂದಿದೆ. ಈಚೆಗೆ ಮೂತ್ರವೂ ಸಲೀಸಾಗಿ ಹೋಗುತ್ತಿಲ್ಲ. ಮೊದಲು ಡಿಸ್ಕ್ ಸವೆತವೆಂದು, ಆಮೇಲೆ ಪ್ರಾಸ್ಟೇಟ್ ತೊಂದರೆಯೆಂದು ಚಿಕಿತ್ಸೆ ನಡೆಯಿತು. ಈಗ ನರರೋಗ ತಜ್ಞರು ಎಂ.ಆರ್.ಐ. ನೋಡಿ, ಬೆನ್ನುಹುರಿಯ ‘ಡ್ಯೂರಲ್ ಫಿಸ್ಟುಲಾ’ ಇರಬಹುದು, ಆಂಜಿಯೋಗ್ರಾಮ್ ಮಾಡಿಸಿ ಎನ್ನುತ್ತಾರೆ. ಇದು ಮಾತ್ರೆಯಲ್ಲಿ ವಾಸಿಯಾಗದೆ?
— ಹೆಸರು ಬೇಡ, ದಾವಣಗೆರೆ

ಉತ್ತರ: ತಜ್ಞರ ಸಂಶಯ ಸರಿಯಾದ ದಿಕ್ಕಿನಲ್ಲಿದೆ, ದಯವಿಟ್ಟು ಪರೀಕ್ಷೆಯನ್ನು ಮುಂದೂಡಬೇಡಿ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ 5ರಿಂದ 10 ಮಂದಿಗಷ್ಟೇ ಕಾಣಿಸಿಕೊಳ್ಳುವ ಈ ಕಾಯಿಲೆ ಐವತ್ತು ದಾಟಿದ ಗಂಡಸರಲ್ಲೇ ಹೆಚ್ಚು. ಆ ವಯಸ್ಸಿನ ಬಹುತೇಕರ ಎಂ.ಆರ್.ಐ.ಯಲ್ಲಿ ಡಿಸ್ಕ್ ಸವೆತವೂ ಇರುವುದರಿಂದ ದೋಷವನ್ನೆಲ್ಲ ಅದರ ಮೇಲೆ ಹೊರಿಸಿ, ಕಾಲ ಕಳೆದುಹೋಗುವುದು ಸಾಮಾನ್ಯ.

ಡ್ಯೂರಲ್ ಫಿಸ್ಟುಲಾ ಇದ್ದವರಲ್ಲಿ ಬೆನ್ನುಹುರಿಯ ಹೊರಪೊರೆಯಲ್ಲಿ, ನರ ಹೊರಬೀಳುವ ಜಾಗದ ಸಮೀಪ, ಒಂದು ಸಣ್ಣ ಅಪಧಮನಿ ನೇರವಾಗಿ ಅಭಿಧಮನಿಗೆ ಕೂಡಿಕೊಂಡಿರುತ್ತದೆ. ಅಪಧಮನಿಯ ಒತ್ತಡವನ್ನು ತಾಳಲಾರದ ಅಭಿಧಮನಿಗಳು ಉಬ್ಬಿ, ರಕ್ತ ಹಿಂದಿರುಗಲು ದಾರಿಯಿಲ್ಲದೆ ಕಟ್ಟಿಕೊಂಡು, ಬೆನ್ನುಹುರಿಯೇ ಬಾತುಕೊಳ್ಳುತ್ತದೆ. ಎಂ.ಆರ್.ಐ.ಯಲ್ಲಿ ಹುರಿಯ ಒಳಭಾಗ ಬೆಳ್ಳಗೂ, ಅದರ ಹಿಂಬದಿಯಲ್ಲಿ ಉಬ್ಬಿದ ನಾಳಗಳು ಡೊಂಕುಡೊಂಕಾದ ಕಪ್ಪು ಚುಕ್ಕೆಗಳ ಸಾಲಾಗಿಯೂ ಕಾಣುತ್ತವೆ. ಫಾಯ್ ಮತ್ತು ಅಲಾಜುವಾನಿನ್ ಎಂಬ ಫ್ರೆಂಚ್ ವೈದ್ಯರು 1926ರಲ್ಲಿ ಇಂಥ ಹುರಿಹಾನಿಯನ್ನು ವರ್ಣಿಸಿದ್ದರೂ, ದೋಷದ ಮೂಲ ಹೊರಪೊರೆಯಲ್ಲಿದೆ ಎಂಬುದು ಸ್ಪಷ್ಟವಾದದ್ದು 1970ರ ದಶಕದಲ್ಲಿ.

ಆ ಕೂಡಿಕೆ ಯಾವ ಮಟ್ಟದಲ್ಲಿದೆ ಎಂಬುದನ್ನು ಖಚಿತಪಡಿಸುವುದು ಆಂಜಿಯೋಗ್ರಾಮ್. ಸಾಮಾನ್ಯವಾಗಿ ತೊಡೆಸಂದಿನ ರಕ್ತನಾಳದಿಂದ ಸಣ್ಣ ನಳಿಕೆಯನ್ನು ಏರಿಸಿ, ಬೆನ್ನಿನ ಒಂದೊಂದೇ ಅಪಧಮನಿಗೆ ಬಣ್ಣದ ದ್ರವ ಬಿಟ್ಟು ಚಿತ್ರ ತೆಗೆಯುತ್ತಾರೆ. ಆದ್ದರಿಂದ ಇದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ.

ಈ ಕಾಯಿಲೆಯನ್ನು ವಾಸಿಮಾಡುವ ಮಾತ್ರೆಯಿಲ್ಲ. ಊತ ಇಳಿಯಲೆಂದು ಸ್ಟೀರಾಯ್ಡ್ ಕೊಟ್ಟಾಗ ಕೆಲವು ರೋಗಿಗಳ ಕಾಲಿನ ಬಲ ತಟ್ಟನೆ ಕುಸಿದಿರುವುದು ದಾಖಲಾಗಿದೆ. ಹೀಗಾಗಿ ತಜ್ಞರನ್ನು ಕೇಳದೆ ಅದನ್ನು ತೆಗೆದುಕೊಳ್ಳಲೇಬಾರದು. ಶಸ್ತ್ರಚಿಕಿತ್ಸೆಯಲ್ಲಿ ಹುರಿಯತ್ತ ರಕ್ತ ಒಯ್ಯುವ ಅಭಿಧಮನಿಯನ್ನು ಕತ್ತರಿಸುತ್ತಾರೆ. ಇಲ್ಲವೇ ನಳಿಕೆಯ ಮೂಲಕವೇ ಅಂಟುದ್ರವ ತುಂಬಿ ಕೂಡಿಕೆಯನ್ನು ಮುಚ್ಚುತ್ತಾರೆ. ಬೆನ್ನುಹುರಿಯ ಮುಂಭಾಗಕ್ಕೆ ರಕ್ತ ಪೂರೈಸುವ ಅಪಧಮನಿಯೂ ಅದೇ ಕವಲಿನಿಂದ ಹೊರಟಿದ್ದರೆ ಅಂಟುದ್ರವ ಅಪಾಯಕಾರಿ, ಆಗ ಶಸ್ತ್ರಚಿಕಿತ್ಸೆಯೇ ಮೇಲು. 61 ಇದಕ್ಕೆ ತಡೆಯಾಗುವ ವಯಸ್ಸಲ್ಲ.

ಚಿಕಿತ್ಸೆಯ ನಂತರ ಬಹಳ ಮಂದಿಯಲ್ಲಿ ಕಾಯಿಲೆ ಮುಂದುವರಿಯುವುದು ನಿಲ್ಲುತ್ತದೆ, ನಡಿಗೆ ಸುಧಾರಿಸುತ್ತದೆ. ಮೂತ್ರದ ಹಿಡಿತ ಮಾತ್ರ ಅಷ್ಟು ಸುಲಭವಾಗಿ ಮರಳುವುದಿಲ್ಲ. ತಂದೆಯವರಿಗೆ ಆ ಲಕ್ಷಣ ಈಗಾಗಲೇ ಶುರುವಾಗಿರುವುದರಿಂದಲೇ ನಾನು ಇಷ್ಟು ಅವಸರಪಡಿಸುತ್ತಿದ್ದೇನೆ. ಮುಚ್ಚಿದ ಕೂಡಿಕೆ ಕೆಲವೊಮ್ಮೆ ಮತ್ತೆ ತೆರೆದುಕೊಳ್ಳುವುದುಂಟು. ಆದಕಾರಣ ಸುಧಾರಿಸಿದ ಕಾಲು ಪುನಃ ಸೋಲತೊಡಗಿದರೆ ತಡಮಾಡದೆ ಅದೇ ತಜ್ಞರಿಗೆ ತೋರಿಸಿ.